ಸ್ಕೀವೋಲ ಬೇಲಿ ಸಸಿ: ಕೊಳ್ಳುವ ಮೊದಲು ಹಣ್ಣಿನ ಬಣ್ಣ ಕೇಳಿ

ಉಪ್ಪು ಗಾಳಿ, ಬಿಸಿಲು, ಬರಿ ಮರಳು ಯಾವುದಕ್ಕೂ ಜಗ್ಗದ ಬೇಲಿ ಗಿಡ ಎಂದು ನರ್ಸರಿಗಳು ಮಾರುವ ಸ್ಕೀವೋಲ ಟಕ್ಕಡ ಸಸಿ ಆ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಳ್ಳುತ್ತದೆ. ನಮ್ಮ ತಕರಾರು ಇರುವುದು ಸಸಿಗೆ ಕಟ್ಟಿದ ಚೀಟಿಯಲ್ಲಿ ಬರೆಯದೆ ಬಿಡುವ ಒಂದು ವಿಷಯದ ಬಗ್ಗೆ. ಅದು ಹಣ್ಣು.

ಗುರುತು ಸುಲಭ. ತಿಳಿಹಸಿರಿನ ದಪ್ಪ, ಹೊಳೆಯುವ ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿರುತ್ತವೆ. ಬಿಳಿ ಹೂವಿನ ಐದೂ ಎಸಳು ಒಂದೇ ಬದಿಗೆ ಬೀಸಣಿಗೆಯಂತೆ ಹರಡಿ, ಯಾರೋ ಅರ್ಧ ಹರಿದಿಟ್ಟ ಹಾಗೆ ಕಾಣುತ್ತದೆ. ಹವಾಯಿಯವರು ಇದನ್ನು ನೌಪಾಕ ಅನ್ನುತ್ತಾರೆ. ಸ್ಕೀವೋಲ ಸೆರಿಸಿಯ, ಸ್ಕೀವೋಲ ಫ್ರುಟೆಸೆನ್ಸ್ ಎಂದು ಬರೆದಿದ್ದರೂ ಗಿಡ ಇದೇ, ಅವು ಹಳೆಯ ಹೆಸರುಗಳು. ಸ್ಕೀವೋಲ ಪ್ಲುಮಿಯೇರಿ ಮಾತ್ರ ಬೇರೆ ಗಿಡ. ಅದು ಗಿಡ್ಡ, ಹಣ್ಣು ಕಪ್ಪು. ಟಕ್ಕಡದ ಹಣ್ಣು ಬಿಳಿ.

ಈ ಬಣ್ಣದ ವ್ಯತ್ಯಾಸ ಸಣ್ಣದಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳಲ್ಲಿ ಟಕ್ಕಡ ತವರಿನ ಗಿಡ, ಮರಳು ದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ. ಫ್ಲೋರಿಡಾ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಅದು ಹೊರಗಿನದು. ಅಲ್ಲಿ ತೀರದ ಉದ್ದಕ್ಕೂ ಪೊದೆಯಾಗಿ ಹಬ್ಬಿ, ಸ್ಥಳೀಯವಾದ ಕಪ್ಪು ಹಣ್ಣಿನ ಗಿಡವನ್ನು ನೆರಳಿನಲ್ಲಿ ಮುಚ್ಚಿಹಾಕುತ್ತದೆ. ಹಣ್ಣು ತೇಲುತ್ತದೆ. ಬೀಜ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಸಾಯದೆ, ದಡ ಸೇರಿ ಸಿಹಿನೀರು ಸಿಕ್ಕಾಗ ಮೊಳೆಯುತ್ತದೆ. ನಿಮ್ಮ ಬೇಲಿಯ ಹಣ್ಣು ಎಲ್ಲಿ ಗಿಡವಾಗುತ್ತದೋ ಹೇಳಲಾಗದು.

ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಒಂದಡಿ ಎತ್ತರದ, ಬುಡದಲ್ಲೇ ಮೂರು ನಾಲ್ಕು ಕವಲೊಡೆದ ಸಸಿ ಒಳ್ಳೆಯದು. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಬಿಡಿ. ಎಲೆಯ ಕಂಕುಳಲ್ಲಿ ಬಿಳಿಯದೇನಾದರೂ ಕಂಡರೆ ಉಗುರಿನಿಂದ ಕೆದಕಿ ನೋಡಿ. ರೇಷ್ಮೆಯಂಥ ಕೂದಲು ಈ ಗಿಡಕ್ಕೆ ಸಹಜ. ಅಂಟಂಟಾಗಿ ಬಂದರೆ ಅದು ಹಿಟ್ಟು ತಿಗಣೆ.

ಸಾಲಿನಲ್ಲಿ ಸಸಿಯಿಂದ ಸಸಿಗೆ 1 ಮೀಟರ್ ಸಾಕು. ನೀರು ಬಸಿಯುವ ಮಣ್ಣು, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೊದಲ ಎರಡು ತಿಂಗಳು ವಾರಕ್ಕೆ ಎರಡು ಸಲ ನೀರು, ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ. ಈ ಗಿಡ ಹೆಚ್ಚಾಗಿ ಸಾಯುವುದು ನೀರು ಜಾಸ್ತಿಯಾಗಿ: ಕೆಳಗಿನ ಎಲೆ ಹಳದಿಯಾಗಿ, ಬುಡ ಮೆತ್ತಗಾದರೆ ಬೇರು ಕೊಳೆತಿದೆ ಎಂದೇ ಅರ್ಥ. ಯೂರಿಯಾ ಸುರಿದರೆ ಕೊಂಬೆ ಸೊರಗಿ ಉದ್ದವಾಗುತ್ತದೆ, ಬೇಲಿ ಬುಡದಲ್ಲಿ ಬೋಳಾಗುತ್ತದೆ.

ಬಿಟ್ಟರೆ 3 ಮೀಟರ್ ಎತ್ತರಕ್ಕೂ ಹೋಗುತ್ತದೆ, ಆದ್ದರಿಂದ 1 ಮೀಟರ್‌ಗೆ ಸವರುತ್ತಿರಿ. ಉಷ್ಣವಲಯದಲ್ಲಿ ವರ್ಷವಿಡೀ ಹೂ ಬಿಡುವುದರಿಂದ ವರ್ಷಕ್ಕೊಮ್ಮೆ ಸವರಿದರೆ ಸಾಲದು. ಕಾಯಿ ಹಸಿರಿರುವಾಗಲೇ, ಬೆಳ್ಳಗಾಗುವ ಮೊದಲು, ಹೂಗೊಂಚಲನ್ನು ಕತ್ತರಿಸಬೇಕು. ಕತ್ತರಿಸಿದ್ದನ್ನು ದಡದಲ್ಲಿ ಎಸೆಯಲೇಬಾರದು. 15 ಸೆಂಟಿಮೀಟರ್ ತುಂಡನ್ನು ಒದ್ದೆ ಮರಳಿಗೆ ಚುಚ್ಚಿ ಸಸಿ ಮಾಡುವಷ್ಟು ಸುಲಭವಾಗಿ ಇದು ಬೇರು ಬಿಡುತ್ತದೆ. ನೆಲ ಮುಟ್ಟಿದ ಕೊಂಬೆಯೂ ಅಷ್ಟೆ. ಕಸವನ್ನು ಚೀಲದಲ್ಲಿ ಕಟ್ಟಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ.

ಹೊರಗಿನ ಗಿಡವೆಂದು ಪರಿಗಣಿಸುವ ತೀರದಲ್ಲಿ ನಮ್ಮ ಸಲಹೆ ಒಂದೇ: ಕೊಳ್ಳಬೇಡಿ. ಈಗಾಗಲೇ ಇದ್ದರೆ, ಚಿಕ್ಕ ಸಸಿಗಳನ್ನು ಮಳೆ ಬಿದ್ದ ಮೇಲೆ ಬೇರುಸಮೇತ ಕೀಳಿ. ದೊಡ್ಡದನ್ನು ಬರಿದೆ ಕಡಿದರೆ ಮೋಟಿನಿಂದ ಮತ್ತೆ ಚಿಗುರುತ್ತದೆ. ಪರವಾನಗಿ ಇರುವ ಕಡೆ, ಕಡಿದ ಕೆಲವೇ ನಿಮಿಷದಲ್ಲಿ ಮೋಟಿನ ಮೈಗೆ ಕಳೆನಾಶಕವನ್ನು ಕುಂಚದಿಂದ ಹಚ್ಚಬೇಕು, ಸಿಂಪಡಿಸಬಾರದು. ಆಮೆ ಮೊಟ್ಟೆಯಿಡುವ ಮರಳಾದರೆ ಆ ಕಾಲ ಕಳೆಯುವವರೆಗೆ ಗುದ್ದಲಿ ಹಾಕಬೇಡಿ. ಅಲ್ಲಿಯವರೆಗೆ ಕಾಯಿ ಕೀಳುತ್ತಿದ್ದರೆ ಸಾಕು.