ನಾಲ್ಕು ಬೇಸಗೆಯ ಹಲಸು ಮತ್ತು ನಮ್ಮ ಹತ್ತು ತಟ್ಟೆಯ ಡ್ರೈಯರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಟ್ಟಿಯ ಹಿಂದೆ ಒಂದು ಬಕ್ಕೆ (ಗಟ್ಟಿ ತೊಳೆಯ) ಹಲಸಿನ ಮರವಿದೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಲೇ ಅದು ಕಾಯಿ ಬಿಡುತ್ತಿತ್ತಂತೆ. ಅವರಿಗೆ ಈಗ 82 ವರ್ಷ. ಸಾಧಾರಣ ವರ್ಷಗಳಲ್ಲಿ 60 ಕಾಯಿ, ಚೆನ್ನಾಗಿ ಹಿಡಿದ ವರ್ಷ 80. ಈ ಒಂದು ಮರಕ್ಕಾಗಿಯೇ 2022ರ ಮಾರ್ಚಿನಲ್ಲಿ ಒಂದು ವಿದ್ಯುತ್ ಡ್ರೈಯರ್ ಕೊಂಡೆವು. ಹತ್ತು ಸ್ಟೀಲ್ ತಟ್ಟೆಗಳು, ಕೆಳಗಡೆ ಹೀಟರ್ ಮತ್ತು ಫ್ಯಾನ್, ಎದುರಿಗೆ ಗಾಜಿನ ಬಾಗಿಲು, 1000 ವ್ಯಾಟ್, 35ರಿಂದ 70 ಡಿಗ್ರಿಯ ತನಕ ಬೇಕಾದಷ್ಟಕ್ಕೆ ಇಡಬಹುದು. ಕೊಟ್ಟದ್ದು 18,500 ರೂಪಾಯಿ. ನಾಲ್ಕು ಬೇಸಗೆ ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು ಹೇಳದ ಸಂಗತಿಗಳೇ ಇದರಲ್ಲಿ ಹೆಚ್ಚು.

ಕೊಂಡದ್ದು ಕೊಳೆಯುವುದನ್ನು ನೋಡಲಾರದೆ. 2018ರ ಮಾರ್ಚ್ 21ರಂದು ಹಲಸು ಕೇರಳದ ರಾಜ್ಯ ಫಲವಾಯಿತು, ಸಂತೋಷ. ಆದರೆ ಮೇ ತಿಂಗಳ ಕೊನೆಗೆ ನಮ್ಮ ಮರದ ಬುಡದಲ್ಲಿ ನೊಣ ಮುತ್ತುವುದು ಅದರಿಂದೇನೂ ನಿಲ್ಲಲಿಲ್ಲ. ಎಳೆಗಾಯಿಯ ಗುಜ್ಜೆ ಪಲ್ಯ ಆಯಿತು, ಬೆಳೆದ ಕಾಯಿಯ ಹಪ್ಪಳ ಆಯಿತು, ಚಿಪ್ಸ್ ಆಯಿತು, ಹಲಸಿನ ತೊಳೆಯನ್ನು ಉಪ್ಪಿನಲ್ಲಿಟ್ಟ ಉಪ್ಪುಸೊಳೆಯ ಭರಣಿ ತುಂಬಿತು, ನೆಂಟರ ಮನೆಗೂ ಪಕ್ಕದ ಮನೆಗಳಿಗೂ ಕೊಟ್ಟಾಯಿತು. ಆದರೂ ಮರದಲ್ಲಿ ಇಪ್ಪತ್ತು ಹಣ್ಣು ಉಳಿದಿರುತ್ತವೆ. ಆ ಇಪ್ಪತ್ತೂ ಒಂದೇ ವಾರದಲ್ಲಿ ಹಣ್ಣಾಗುತ್ತವೆ, ಅದೇ ವಾರ ಮಳೆ ಹಿಡಿಯುತ್ತದೆ.

ಒಣಗಿಸುವ ಯಂತ್ರ ನಮ್ಮ ಊರಿಗೆ ಹೊಸತಲ್ಲ. ಕಾಸರಗೋಡಿನ ಕೂಡ್ಲಿನಲ್ಲಿ 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಗಿತ್ತು. ಇಂದಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅದೇ. ಕೊಬ್ಬರಿ ಒಣಗಿಸುವ ಹಲವು ಬಗೆಯ ಡ್ರೈಯರ್‌ಗಳನ್ನು ರೂಪಿಸಿದವರು ಅವರು. ಅಡಿಕೆಗೆಂದು ಅಂಗಳದಲ್ಲಿ ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ನಮ್ಮಲ್ಲೂ ಇದೆ. ಅದರಲ್ಲಿ ಒಮ್ಮೆ ಹಲಸಿನ ಸೊಳೆ ಒಣಗಿಸಿ ನೋಡಿದ್ದೆ. ಅಡಿಕೆ ಸಿಪ್ಪೆಯ ವಾಸನೆ ಹಿಡಿದು ಬಾಯಿಗಿಡಲಾಗಲಿಲ್ಲ. ಅಲ್ಲದೆ ಬಿಸಿಲೇ ಇಲ್ಲದ ದಿನ ಆ ಗೂಡಿನಿಂದ ಏನು ಪ್ರಯೋಜನ?

ಮೊದಲು ಅಳತೆಯ ಮಾತು, ಏಕೆಂದರೆ ಎಲ್ಲರೂ ಮೋಸಹೋಗುವುದು ಇಲ್ಲೇ. ಒಂದು ತಟ್ಟೆಯಲ್ಲಿ ಸೊಳೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿದರೆ 600 ಗ್ರಾಂ ಹಿಡಿಯುತ್ತದೆ. ಹತ್ತು ತಟ್ಟೆಗೆ ಆರು ಕಿಲೋ. ನಮ್ಮ ಮರದ 12 ಕಿಲೋದ ಕಾಯಿಯಲ್ಲಿ ಬೇಳೆ (ಬೀಜ), ಗೂಂಜು, ರೆಚ್ಚೆ ಎಲ್ಲ ಕಳೆದರೆ ಸುಮಾರು ನಾಲ್ಕು ಕಿಲೋ ಸೊಳೆ ಸಿಗುತ್ತದೆ. ಅಂದರೆ ಒಂದು ಸಲಕ್ಕೆ ಒಂದೂವರೆ ಕಾಯಿ. ಮೇ ತಿಂಗಳ ಕೊನೆಯ ವಾರ ಮರ ದಿನಕ್ಕೆ ಮೂರು ನಾಲ್ಕು ಕೊಡುತ್ತದೆ. ಯಂತ್ರ ಬಂದರೆ ಇಡೀ ಮರ ಡಬ್ಬಿಯೊಳಗೆ ಸೇರುತ್ತದೆ ಎಂದು ನಂಬಿ ಯಾರೂ ಕೊಳ್ಳಬೇಡಿ. ಹಪ್ಪಳ, ಉಪ್ಪುಸೊಳೆ, ಹಣ್ಣು ಕಾಯಿಸಿದ ಬೆರಟಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತಲೇ ಇರಬೇಕು. ಅವುಗಳ ಜೊತೆಗೆ ಇದೂ ಒಂದು ಕೈ.

ಅತ್ಯಂತ ಚೆನ್ನಾಗಿ ಆಗುವುದು ಬೆಳೆದ, ಹಣ್ಣಾಗದ ಕಾಯಿಯ ಸೊಳೆ. ಉದ್ದಕ್ಕೆ ಹೆಚ್ಚಿ, ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ನೀರು ಬಸಿದು, 60 ಡಿಗ್ರಿಯಲ್ಲಿ ಎಂಟೊಂಬತ್ತು ಗಂಟೆ ಇಟ್ಟರೆ ಚಟ್ ಎಂದು ಮುರಿಯುವ ಹಾಗಾಗುತ್ತದೆ. ಮೂರು ಕಿಲೋ ಹಸಿ ಸೊಳೆ ಮುಕ್ಕಾಲು ಕಿಲೋಗೆ ಇಳಿಯುತ್ತದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಹಿಡಿ ತೆಗೆದು ಬಿಸಿ ನೀರಿನಲ್ಲಿ ನೆನೆಸಿದರೆ ಪಲ್ಯಕ್ಕೂ ಸಾಂಬಾರಿಗೂ ಸಿದ್ಧ. ಉಪ್ಪುಸೊಳೆಯ ಹಾಗೆ ರಾತ್ರಿಯೆಲ್ಲ ನೀರು ಬದಲಿಸುತ್ತ ಉಪ್ಪು ಬಿಡಿಸುವ ಕೆಲಸವಿಲ್ಲ. ಹಾಗೆಂದು ಉಪ್ಪುಸೊಳೆಯ ಸ್ಥಾನ ಇದಕ್ಕೆ ದಕ್ಕುವುದಿಲ್ಲ. ಎಣ್ಣೆಯಲ್ಲಿ ಕರಿಯುವ ಉಂಡ್ಲಕಾಳು ಮಾಡಿ ನೋಡಿದೆ, ಆ ಹದ ಬರಲೇ ಇಲ್ಲ.

ಹಪ್ಪಳದ ವಿಷಯದಲ್ಲಿ ಯಂತ್ರಕ್ಕೆ ನಾನು ಅಂಕ ಕೊಡುವುದಿಲ್ಲ. ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಕುಟ್ಟಿ, ಉಂಡೆ ಮಾಡಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಮಣೆಯಿಂದ ಒತ್ತಿದ ಹಪ್ಪಳವನ್ನು ತಟ್ಟೆಗೆ ಹಾಕಿದರೆ ಅಂಚು ಬೇಗ ಒಣಗಿ ಮೇಲಕ್ಕೆ ಮುದುಡುತ್ತದೆ, ನಡುವೆ ಇನ್ನೂ ಹಸಿ. ಎಣ್ಣೆಗೆ ಬಿಟ್ಟಾಗ ಒಂದು ಕಡೆ ಅರಳುತ್ತದೆ, ಇನ್ನೊಂದು ಕಡೆ ಗಟ್ಟಿ. ಅತ್ತೆ ಮೊದಲ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಬಿಸಿಲು ತಾಗಿಲ್ಲ ಕೂಸೇ, ನಾಳೆ ಓಲೆಯ ಚಾಪೆ ಹಾಕು” ಎಂದರು. ಅಂದಿನಿಂದ ಹಪ್ಪಳಕ್ಕೆ ಅಂಗಳವೇ. ದೊಡ್ಡ ರಜೆಗೆ ಬೆಂಗಳೂರಿನಿಂದ ಬರುವ ಮೈದುನನ ಮಕ್ಕಳಿಬ್ಬರು ಕಾಗೆ ಕಾಯುತ್ತಾರೆ. ಕಾಯುತ್ತಾ ಅರೆ ಒಣಗಿದ ಹಪ್ಪಳಗಳನ್ನು ಮಡಚಿ ತಿನ್ನುತ್ತಾರೆ. ಎಣಿಸಿದರೆ ಸಂಜೆಗೆ ಹದಿನೈದಾದರೂ ಕಡಿಮೆ ಇರುತ್ತದೆ. ಆ ಹದಿನೈದು ಅವರ ಪಾಲು ಎಂದೇ ನಾನು ಹೆಚ್ಚು ಒತ್ತುತ್ತೇನೆ.

ಬಕ್ಕೆ ಹಣ್ಣಿಗೆ 55 ಡಿಗ್ರಿ, 14 ಗಂಟೆ. ಇದು ನಮ್ಮ ಮನೆಯ ಮಕ್ಕಳಿಗೂ ದೊಡ್ಡವರಿಗೂ ಅತಿ ಇಷ್ಟದ್ದು. ತಟ್ಟೆಗೆ ತೆಂಗಿನೆಣ್ಣೆ ಸವರಲೇಬೇಕು, ಅರ್ಧ ದಾರಿಯಲ್ಲಿ ತಿರುವಿ ಹಾಕಲೇಬೇಕು, ಇಲ್ಲದಿದ್ದರೆ ಸಕ್ಕರೆಯಂಶ ತಟ್ಟೆಯ ತೂತುಗಳಿಗೆ ಅಂಟಿ ಕತ್ತಿಯಿಂದ ಎಬ್ಬಿಸಬೇಕಾಗುತ್ತದೆ. ಒಣಗಿದ ಹಣ್ಣು ಮುರಿಯುವುದಿಲ್ಲ, ಚರ್ಮದ ಹಾಗೆ ಬಾಗುತ್ತದೆ. ಎರಡು ಬೆರಳಲ್ಲಿ ಅದುಮಿದರೆ ರಸ ಬರಬಾರದು. 2023ರಲ್ಲಿ ನನ್ನಿಂದ ತಪ್ಪಾಯಿತು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದೆ, ಮೂರು ವಾರದಲ್ಲಿ ಎರಡು ಡಬ್ಬಿಗೆ ಬೂಸಲು ಬಂತು. ಅಷ್ಟು ಜನ ಕೂತು ಬಿಡಿಸಿದ ಸೊಳೆಯನ್ನು ಗೊಬ್ಬರದ ಗುಂಡಿಗೆ ಸುರಿಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಈಗ ಪೂರ್ತಿ ತಣಿದ ಮೇಲೆ ಗಾಜಿನ ಭರಣಿಗೆ ಹಾಕಿ, ಒಂದು ವಾರ ದಿನಾ ಒಮ್ಮೆ ಕುಲುಕಿ ನೋಡುತ್ತೇನೆ. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಮತ್ತೆ ಎರಡು ಗಂಟೆ ಯಂತ್ರಕ್ಕೆ.

ಬೇಳೆಯನ್ನೂ ಒಣಗಿಸುತ್ತೇನೆ. ಮಣ್ಣು ಮೆತ್ತಿ ಮೂಲೆಯಲ್ಲಿ ಇಡುವ ಹಳೆಯ ಕ್ರಮ ತಪ್ಪಲ್ಲ, ಆದರೆ ಮಳೆಗಾಲದ ನಡುವೆ ಮೊಳಕೆ ಬರುತ್ತದೆ. ಬಿಳಿ ಸಿಪ್ಪೆ ತೆಗೆದು ಹೆಚ್ಚಿ ಒಣಗಿಸಿ ಗಿರಣಿಯಲ್ಲಿ ಹಿಟ್ಟು ಮಾಡಿಸಿದರೆ ದೋಸೆಗೆ ಬೆರೆಸಬಹುದು. ಪಕ್ಕದ ಮನೆಯ ಉಮ್ಮ ತಮ್ಮ ಮರದ ಬೇಳೆಯನ್ನೂ ಒಂದು ಬುಟ್ಟಿ ತಂದು ಒಣಗಿಸಿಕೊಂಡು ಹೋಗುತ್ತಾರೆ. ತಟ್ಟೆ ಖಾಲಿ ಬಿದ್ದಿರುವುದಕ್ಕಿಂತ ಅದು ಎಷ್ಟೋ ಮೇಲು.

ಕರೆಂಟಿನ ಲೆಕ್ಕ ಹೀಗಿದೆ. ನನ್ನವರು ಮೀಟರ್ ನೋಡಿ ಬರೆದಿಟ್ಟ ಪ್ರಕಾರ ಒಂದು ಬಾರಿ ಕಾಯಿಸೊಳೆ ಒಣಗಿಸಲು ಏಳು ಯೂನಿಟ್, ಹಣ್ಣಿಗೆ ಹತ್ತರ ಹತ್ತಿರ. ಅದೊಂದೇ ನೋಡಿದರೆ ದೊಡ್ಡದಲ್ಲ. ಆದರೆ ಕೇರಳದಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ತಿಂಗಳಿಗೆ ಸರಾಸರಿ 250 ಯೂನಿಟ್ ದಾಟಿದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದರ ಹೋಗಿ ಮೊದಲ ಯೂನಿಟ್‌ನಿಂದಲೇ ಒಂದೇ ಹೆಚ್ಚಿನ ದರ ಬೀಳುತ್ತದೆ. ರಜೆಯಲ್ಲಿ ಮನೆ ತುಂಬ ಜನ, ಎಲ್ಲ ಕೋಣೆಯಲ್ಲೂ ಫ್ಯಾನ್. ನಮ್ಮದು ಎರಡು ತಿಂಗಳಿಗೆ ಹೇಗೂ 380ಕ್ಕೆ ಬಂದು ನಿಲ್ಲುತ್ತದೆ. ಮೊದಲ ವರ್ಷ ಉತ್ಸಾಹದಲ್ಲಿ 18 ಬಾರಿ ಓಡಿಸಿ ಎರಡು ತಿಂಗಳ 500ರ ಗೆರೆ ದಾಟಿಸಿದೆವು. ಈಗ ಬಿಸಿಲಿರುವ ದಿನ ಮಧ್ಯಾಹ್ನದ ತನಕ ಅದೇ ತಟ್ಟೆಗಳನ್ನು ಬಟ್ಟೆ ಮುಚ್ಚಿ ಅಂಗಳದಲ್ಲಿಟ್ಟು, ಇಳಿಹೊತ್ತಿಗೆ ಯಂತ್ರಕ್ಕೆ ಸೇರಿಸುತ್ತೇವೆ. ಅರ್ಧ ಕರೆಂಟು ಉಳಿಯುತ್ತದೆ.

ಯಂತ್ರದ ತೊಂದರೆಗಳು ಎರಡು. ಮುಂಭಾಗದಲ್ಲಿ 60 ಎಂದು ತೋರಿಸುವಾಗ ಕೆಳಗಿನ ತಟ್ಟೆಯ ಬಳಿ 66, ಮೇಲಿನದ್ದರ ಬಳಿ 54. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ಮೂರು ಗಂಟೆಗೊಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಮಾಡಿದರೆ ಅದು ಸರಿಹೋಗುತ್ತದೆ. ಇನ್ನೊಂದನ್ನು ಕ್ಷಮಿಸಲಾರೆ. 2024ರಲ್ಲಿ ಫ್ಯಾನ್ ಒಂದು ದಿನ ಕೀಚಲು ದನಿ ಮಾಡಿ ನಿಂತೇ ಹೋಯಿತು, ಆದರೆ ಹೀಟರ್ ಕಾಯುತ್ತಲೇ ಇತ್ತು. ಕೆಳಗಿನ ಎರಡು ತಟ್ಟೆ ಸುಟ್ಟು ಕಪ್ಪಾದ ವಾಸನೆಗೆ ಎದ್ದು ಓಡಿದೆ. ಫ್ಯಾನ್ ನಿಂತರೆ ಹೀಟರೂ ನಿಲ್ಲುವ ವ್ಯವಸ್ಥೆ ಇರಬೇಕಿತ್ತು. ಮಾರಿದವರಿಗೆ ಫೋನ್ ಮಾಡಿದರೆ ಒಂದು ವರ್ಷದ ವಾರಂಟಿ ಮುಗಿದಿದೆ, ಇಡೀ ಯಂತ್ರವನ್ನು ಪಾರ್ಸೆಲ್ ಮಾಡಿ ಎಂದರು. ಮೇ ತಿಂಗಳ ನಡುವೆ ಪಾರ್ಸೆಲ್ ಮಾಡಿದರೆ ಅದು ವಾಪಸು ಬರುವುದು ಹಲಸು ಮುಗಿದ ಮೇಲೆ. ಪೇಟೆಯಲ್ಲಿ ಮಿಕ್ಸಿ, ಪಂಪು ರಿಪೇರಿ ಮಾಡುವ ಹುಡುಗ ಮಾರನೆಯ ದಿನವೇ ಬಂದು 850 ರೂಪಾಯಿಗೆ ಬೇರೆ ಮೋಟಾರ್ ಹಾಕಿಕೊಟ್ಟ. ಕೊಳ್ಳುವ ಮೊದಲು ಹಿಂಬದಿಯ ಮುಚ್ಚಳ ಬಿಚ್ಚಿಸಿ, ಒಳಗಿನ ಫ್ಯಾನ್ ನಿಮ್ಮ ಊರಿನಲ್ಲಿ ಸಿಗುವಂಥದ್ದೇ ಎಂದು ನೋಡಿಕೊಳ್ಳಿ. ರಾತ್ರಿ ಓಡಲು ಬಿಟ್ಟು ಎಲ್ಲರೂ ಮಲಗಬೇಡಿ.

ಇಷ್ಟೆಲ್ಲ ಇದ್ದೂ ಇದನ್ನು ಮಾರುವ ಯೋಚನೆ ನನಗಿಲ್ಲದ ಕಾರಣ 2025ರ ಮೇ ತಿಂಗಳು. ಕೇರಳಕ್ಕೆ ಮುಂಗಾರು ಬರುವುದು ಜೂನ್ 1ರ ಆಸುಪಾಸು. 2023ರಲ್ಲಿ ಜೂನ್ 8ಕ್ಕೆ ಬಂದಿತ್ತು, ಆಗ ಬಿಸಿಲೇ ಬಿಸಿಲು, ಯಂತ್ರ ಅಷ್ಟು ಬೇಕಾಗಲೇ ಇಲ್ಲ. 2025ರಲ್ಲಿ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮುನ್ಸೂಚನೆ ಕೇಳಿ ಹಿಂದಿನ ದಿನವೇ ನನ್ನವರು ಮರ ಹತ್ತುವವರನ್ನು ಕರೆಸಿ, ಹಗ್ಗ ಕಟ್ಟಿ ಹನ್ನೊಂದು ಕಾಯಿಗಳನ್ನು ಒಂದೊಂದಾಗಿ ಇಳಿಸಿದರು. ಎರಡು ಆಗಲೇ ಘಮ್ಮೆನ್ನುತ್ತಿದ್ದವು. ಜಗಲಿಯಲ್ಲಿ ಗೋಣಿ ಹಾಸಿ, ಕೈಗೆ ಎಣ್ಣೆ ಹಚ್ಚಿಕೊಂಡು, ಅತ್ತೆ ಮೆಟ್ಟುಕತ್ತಿಯ ಮುಂದೆ, ನಾವೆಲ್ಲ ಸುತ್ತ. ಬೆಳಗ್ಗೆ ಹತ್ತು ತಟ್ಟೆ ತುಂಬಿ ಬಾಗಿಲು ಹಾಕಿದೆ. ಆರು ಗಂಟೆ ಓಡಿತ್ತು. ಮಧ್ಯಾಹ್ನ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು.

ಸಂಜೆಗೂ ಬರಲಿಲ್ಲ. ಇನ್ವರ್ಟರ್‌ನಲ್ಲಿ ಇದು ಓಡುವುದಿಲ್ಲ. ಬಾಗಿಲು ತೆರೆದರೆ ಬೆಚ್ಚನೆಯ ತೇವ ಮುಖಕ್ಕೆ ಹೊಡೆಯಿತು. ಸೊಳೆಯ ಹೊರಮೈ ಒಣಗಿದೆ, ಒಳಗೆ ಮೆತ್ತಗಿದೆ. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಹುಳಿಯುತ್ತದೆ. ಅತ್ತೆ ಕೂತಲ್ಲಿಂದಲೇ, “ಬಚ್ಚಲೊಲೆ ಇದೆಯಲ್ಲ, ಹಂಡೆ ಇಳಿಸಿ” ಎಂದರು. ಹಂಡೆ ಇಳಿಸಿ, ಕಟ್ಟಿಗೆಯೆಲ್ಲ ಉರಿದು ಬರೀ ಕೆಂಡ ಉಳಿದ ಮೇಲೆ, ಅಡಿಕೆ ಮರದ ಸೀಳುಗಳನ್ನು ಅಡ್ಡ ಜೋಡಿಸಿ, ಯಂತ್ರದ ತಟ್ಟೆಗಳನ್ನೇ ಅವುಗಳ ಮೇಲಿಟ್ಟೆವು. ಒಂದು ಸಲಕ್ಕೆ ಮೂರು ತಟ್ಟೆ. ದೊಡ್ಡ ಹುಡುಗ ಟಾರ್ಚ್ ಹಿಡಿದು ಗಡಿಯಾರ ನೋಡುವುದು, ಚಿಕ್ಕವಳು ತಟ್ಟೆಯ ನಂಬರು ಹೇಳುವುದು. “ದೊಡ್ಡಮ್ಮಾ, ನಾಲ್ಕನೆಯದು ಮಗುಚಬೇಕು” ಎಂದು ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿದ್ದಳು. ಏಳು ತಟ್ಟೆ ಉಳಿಯಿತು. ಮೂರಕ್ಕೆ ಹುಳಿ ವಾಸನೆ ಬಂದಿತ್ತು, ದನಗಳಿಗೆ ಹಾಕಿದೆವು. ಉಳಿದ ಏಳಕ್ಕೆ ತೆಳ್ಳಗಿನ ಹೊಗೆಯ ಪರಿಮಳ ಹಿಡಿದಿದೆ, ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅದೇ ಡಬ್ಬಿಯನ್ನು.

ಎರಡು ದಿನ ಕಳೆದು ಕರೆಂಟು ಬಂತು. ಮಳೆ ಮಾತ್ರ ಬಿಡಲಿಲ್ಲ. ಜಗಲಿಯಲ್ಲಿದ್ದ ಉಳಿದ ಕಾಯಿಗಳು ದಿನಕ್ಕೊಂದೆರಡರಂತೆ ಹಣ್ಣಾಗುತ್ತ ಹೋದವು, ಯಂತ್ರ ಒಂದು ವಾರ ಬಿಡುವಿಲ್ಲದೆ ಓಡಿತು. ಹೊರಗಿನ ಗಾಳಿಯೇ ಒದ್ದೆಯಾದ್ದರಿಂದ 14 ಗಂಟೆಯ ಕೆಲಸಕ್ಕೆ 19 ಗಂಟೆ ಹಿಡಿಯಿತು. ಆದರೆ ಬಿಡಿಸಿ ತಟ್ಟೆಗೆ ಹಾಕಿದ ಒಂದು ಸೊಳೆಯೂ ಆ ವಾರ ಹಾಳಾಗಲಿಲ್ಲ. ಮನೆಗೆ ಸೊಸೆಯಾಗಿ ಬಂದ 27 ವರ್ಷಗಳಲ್ಲಿ, ಇಳಿಸಿಟ್ಟ ಹಲಸಿನಲ್ಲಿ ಮಳೆ ಹಿಡಿದ ಮೇಲೂ ಒಂದು ಹಣ್ಣೂ ಕೊಳೆಯದೆ ಇದ್ದದ್ದನ್ನು ನೋಡಿದ್ದು ಇದೇ ಮೊದಲು. 18,500 ರೂಪಾಯಿ ನನಗೆ ಆ ವಾರದಲ್ಲೇ ವಾಪಸು ಬಂದ ಹಾಗಾಯಿತು.

ನೀವು ಕೊಳ್ಳುವುದಾದರೆ, ಮನೆಯಲ್ಲಿ ಹಲಸು ಬಿಡಿಸಲು ನಾಲ್ಕು ಕೈಗಳಿದ್ದರೆ ಮಾತ್ರ ಕೊಳ್ಳಿ. ಕೊರೆಯುವುದು, ಮೇಣ ತೆಗೆಯುವುದು, ಬೇಳೆ ಬೇರ್ಪಡಿಸುವುದು ಯಾವುದನ್ನೂ ಇದು ಮಾಡುವುದಿಲ್ಲ. ಇಬ್ಬರೇ ಇರುವ ಮನೆಗೆ ಆರು ತಟ್ಟೆಯದ್ದು ಸಾಕು. ಬಚ್ಚಲೊಲೆ ಕೆಡವಿ ಗೀಸರ್ ಹಾಕಿಸುವ ಯೋಚನೆ ನಮಗಿತ್ತು, ಅದನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ಯಂತ್ರದ ಹಿಂದಿನ ಸಂದಿಗೆ ಜಿರಳೆ ನುಗ್ಗುತ್ತದೆ. ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ. ಬಾಗಿಲಿನ ರಬ್ಬರ್ ಸಡಿಲವಾಗಿದೆ. ಅಳತೆ ಬರೆದು ರಿಪೇರಿ ಹುಡುಗನ ಕೈಗೆ ಕೊಟ್ಟಿದ್ದೇನೆ, ಮಾರ್ಚಿನೊಳಗೆ ಹಾಕಿಕೊಡುತ್ತೇನೆ ಎಂದಿದ್ದಾನೆ.