ನೋ ಮ್ಯಾನ್ಸ್ ಸ್ಕೈ: ಒಬ್ಬರೇ ಆಡಬೇಡಿ, ಸಂತೆಯಲ್ಲೂ ಆಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನೋ ಮ್ಯಾನ್ಸ್ ಸ್ಕೈ ಇಬ್ಬರು ಕೂಡಿ ಆಡುವ ಕಂಪ್ಯೂಟರ್ ಆಟ. ಮಾಡಿದವರು ಅದನ್ನು ಹಾಗೆ ಮಾರುವುದಿಲ್ಲ, ಅದು ಬೇರೆ ಮಾತು. ಒಬ್ಬರೇ ಆಡಬಹುದು, ನಾಲ್ಕು ಜನ ಸೇರಬಹುದು, ಗುರುತಿಲ್ಲದವರ ಗುಂಪಿನಲ್ಲಿ ನಿಂತು ಕುಣಿಯಲೂಬಹುದು. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡವನು. ದಿನವಿಡೀ ಲಗ್ನಪತ್ರಿಕೆ, ಬಾಂಡ್ ಪೇಪರ್, ಅರ್ಜಿ ಟೈಪ್ ಮಾಡಿ, ರಾತ್ರಿ ಊಟವಾದ ಮೇಲೆ ಮನೆಯ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಒಬ್ಬನೇ ಆಡುತ್ತಿದ್ದಾಗ ಈ ಆಟ ಚೆಂದ ಕಾಣುತ್ತಿತ್ತು, ಆದರೆ ಬೇಗ ನಿದ್ದೆ ಬರುತ್ತಿತ್ತು. ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಸೇರಿಕೊಂಡ ಮೇಲೆ ನಿದ್ದೆಯೇ ಇಲ್ಲ.

ಆಟ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಸಣ್ಣ ಹಡಗು ಕೊಡುತ್ತಾರೆ. ಗ್ರಹದಿಂದ ಗ್ರಹಕ್ಕೆ, ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬೇಕು. ಇಳಿದ ಕಡೆ ಗಣಿ ತೆಗೆಯಬಹುದು, ಮನೆ ಕಟ್ಟಬಹುದು, ಕಂಡ ಪ್ರಾಣಿ, ಗಿಡ, ಕಲ್ಲುಗಳನ್ನು ಸ್ಕ್ಯಾನ್ ಮಾಡಿ ಹೆಸರಿಡಬಹುದು. ಗ್ರಹಗಳ ಸಂಖ್ಯೆ 2ರ ಘಾತ 64. ಅಂದರೆ 18ರ ಮುಂದೆ 18 ಸೊನ್ನೆ ಹಾಕಿದರೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೊಂದು ಗ್ರಹ ನೋಡುತ್ತಾ ಹೋದರೂ ಎಲ್ಲ ಮುಗಿಯಲು 58,000 ಕೋಟಿ ವರ್ಷ ಮೀರುತ್ತದೆ.

ಇಷ್ಟು ಗ್ರಹ ಡಿಸ್ಕಿನಲ್ಲಿ ಹಿಡಿಯುವುದಾದರೂ ಹೇಗೆ ಅಂತ ನನ್ನ ಅಂಗಡಿಗೆ ಬರುವ ಹುಡುಗರು ಕೇಳುತ್ತಾರೆ. ಹಿಡಿಯುವುದೇ ಇಲ್ಲ. ಗ್ರಹಗಳನ್ನು ಯಾರೂ ಎಲ್ಲೂ ಕೂಡಿಟ್ಟಿಲ್ಲ. ಪ್ರತಿ ಗ್ರಹಕ್ಕೂ ಒಂದು ಸಂಖ್ಯೆ ಇದೆ, ಆ ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ ನಿಮ್ಮ ಕಂಪ್ಯೂಟರೇ ಗುಡ್ಡ, ಹುಲ್ಲು, ಆಕಾಶದ ಬಣ್ಣ, ಪ್ರಾಣಿಯ ಕಾಲು ಎಲ್ಲವನ್ನೂ ಅಲ್ಲೇ ಲೆಕ್ಕ ಹಾಕಿ ಕಟ್ಟುತ್ತದೆ. ಬಿಟ್ಟು ಹೋದರೆ ಅಳಿಸಿಬಿಡುತ್ತದೆ, ಮತ್ತೆ ಬಂದರೆ ಮತ್ತೆ ಅದೇ ಗುಡ್ಡ. ಅದೇ ಸಂಖ್ಯೆಗೆ ಬೀದರ್‌ನ ಕಂಪ್ಯೂಟರಿನಲ್ಲೂ ಅದೇ ಗುಡ್ಡ. ಸರ್ವರ್‌ಗೆ ಹೋಗುವುದು ನಾವಿಟ್ಟ ಹೆಸರು, ನಾವು ಕಟ್ಟಿದ ಮನೆ, ಇಂಥವು ಮಾತ್ರ.

ಈ ಒಂದು ಸಂಗತಿ ತಿಳಿದರೆ ಆಟದ ಹಳೆಯ ರಗಳೆಯೂ ತಿಳಿಯುತ್ತದೆ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹಲೋ ಗೇಮ್ಸ್ ಇದನ್ನು 2016ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಬಂದ ಕೂಡಲೇ ಇಬ್ಬರು ಆಟಗಾರರು ಒಂದೇ ಗ್ರಹದಲ್ಲಿ ಒಂದೇ ಜಾಗಕ್ಕೆ ಹೋಗಿ ನಿಂತರು. ಗುಡ್ಡ ಅದೇ, ಕಟ್ಟಡ ಅದೇ. ಒಬ್ಬರಿಗೊಬ್ಬರು ಮಾತ್ರ ಕಾಣಲಿಲ್ಲ. ಜಗತ್ತು ಒಂದೇ ಇತ್ತು, ಆದರೆ ಅದರಲ್ಲಿ ಇನ್ನೊಬ್ಬ ಮನುಷ್ಯ ಇರಲಿಲ್ಲ. ಜನ ಸಿಟ್ಟಾದರು, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೈಗುಳದ ಮಳೆ. 2017ರಲ್ಲಿ ಬಂದ ಅಟ್ಲಾಸ್ ರೈಸಸ್ ಅಪ್‌ಡೇಟ್‌ನಲ್ಲಿ 16 ಜನರವರೆಗೆ ಒಬ್ಬರನ್ನೊಬ್ಬರು ಕಾಣಬಹುದಿತ್ತು, ಅದೂ ತೇಲುವ ಬೆಳಕಿನ ಉಂಡೆಗಳಾಗಿ. ಮಾತು ಕೇಳುತ್ತಿತ್ತು, ಮುಖ ಇಲ್ಲ. ನಿಜವಾದ ಮಲ್ಟಿಪ್ಲೇಯರ್ ಬಂದದ್ದು 2018ರ ಜುಲೈನಲ್ಲಿ, ನೆಕ್ಸ್ಟ್ ಅಪ್‌ಡೇಟ್ ಜೊತೆ. 2020ರಿಂದ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಆಟಗಾರರು ಒಟ್ಟಿಗೆ ಆಡಬಹುದು. ಅಪ್‌ಡೇಟ್‌ಗಳಿಗೆಲ್ಲ ಒಂದು ಪೈಸೆ ಕೇಳಿಲ್ಲ. ಅದನ್ನು ಮೆಚ್ಚಲೇಬೇಕು. 2024ರ ನವೆಂಬರ್ ಹೊತ್ತಿಗೆ ಸ್ಟೀಮ್‌ನಲ್ಲಿ ಒಟ್ಟು ಅಭಿಪ್ರಾಯ ‘ವೆರಿ ಪಾಸಿಟಿವ್’ ಅಂತ ತಿರುಗಿತು.

ಇನ್ನು ನಮ್ಮ ಆಟಕ್ಕೆ ಬರೋಣ.

ಅಳಿಯ ಮತ್ತು ನಾನು ಗ್ರಹದ ಮೇಲೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತೇವೆ. ಆಟದೊಳಗೇ ಮಾತಾಡುವ ಸೌಲಭ್ಯ ಇದೆ, ಆದರೂ ನಾವು ಫೋನ್ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ. ಸ್ಕ್ಯಾನ್ ಮಾಡುವ ಕನ್ನಡಕದಂಥ ವೈಸರ್ ತೆರೆದರೆ ದೂರದ ಪ್ರಾಣಿಗಳ ಮೇಲೆ ಚುಕ್ಕೆ ಕಾಣುತ್ತದೆ. ಕೆಂಪು ಚುಕ್ಕೆ ಅಂದರೆ ಇನ್ನೂ ಸ್ಕ್ಯಾನ್ ಆಗಿಲ್ಲ, ಹಸಿರು ಅಂದರೆ ಆಯಿತು. ಒಂದು ಗ್ರಹದ ಪ್ರಾಣಿಗಳೆಲ್ಲ ಸಿಕ್ಕರೆ ನ್ಯಾನೈಟ್ ಅನ್ನುವ ಆಟದ ಹಣದ ರೂಪದಲ್ಲಿ ಒಳ್ಳೆಯ ಬಹುಮಾನ. ಯಾವಾಗಲೂ ಕೊನೆಯದೊಂದು ಕಾಡಿಸುತ್ತದೆ. ಒಂದೋ ಅದು ಗುಹೆಯೊಳಗೆ ಇರುತ್ತದೆ, ಇಲ್ಲ ನೀರಿನಡಿ, ಇಲ್ಲವೇ ತಲೆ ಮೇಲೆ ಹಾರುತ್ತಾ ಸ್ಕ್ಯಾನ್ ಮುಗಿಯುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತದೆ.

ಹೋದ ಮೇ ತಿಂಗಳ ಒಂದು ರಾತ್ರಿ ಹೇಳುತ್ತೇನೆ. ಹೊರಗೆ ನಮ್ಮೂರ ಬಿಸಿಲಿನ ಝಳ ಇನ್ನೂ ಗೋಡೆಯಿಂದ ಇಳಿದಿರಲಿಲ್ಲ, ಪರದೆಯ ಮೇಲೆ ಬೆಂಕಿ ಬಿರುಗಾಳಿ ಬೇರೆ. ಸೂಟ್‌ನ ರಕ್ಷಣೆ ಇಳಿಯುತ್ತಿತ್ತು. ಅದನ್ನು ತುಂಬಲು ಸೋಡಿಯಂ ಬೇಕು, ನನ್ನ ಚೀಲದಲ್ಲಿ ಖಾಲಿ. ಅಳಿಯ ಗುಡ್ಡದ ಆಚೆಯಿಂದ ಜೆಟ್‌ಪ್ಯಾಕ್‌ನಲ್ಲಿ ಹಾರಿಬಂದು ಸೋಡಿಯಂ ಕೊಟ್ಟ. ಹತ್ತಿರ ಇದ್ದವರಿಗೆ ಸಾಮಾನು ದಾಟಿಸಬಹುದು. ಇಬ್ಬರೂ ಬಿರುಗಾಳಿ ತಪ್ಪಿಸಿಕೊಳ್ಳಲು ಒಂದು ಗುಹೆಗೆ ನುಗ್ಗಿದೆವು. ಅಲ್ಲೇ ಇತ್ತು ಆ ಕೊನೆಯ ಪ್ರಾಣಿ. ಬೆನ್ನ ಮೇಲೆ ಮಿನುಗುವ ಗಂಟುಗಳು, ಏಡಿಯಂಥ ಕಾಲು, ಗೋಡೆಗೆ ಅಂಟಿಕೊಂಡು ಸರಿಯುತ್ತಿತ್ತು.

“ಮಾಮಾ, ಅಲ್ಲಿ ನೋಡು, ಅಲ್ಲೇ ಅದ!”

“ಎಲ್ಲಿ? ನಂಗ ಕಾಣವಲ್ದು.”

“ಸರಿ ಬಿಡು, ನಾ ಮಾಡ್ದೆ.”

ಅವನ ಹೆಸರು ಬಿತ್ತು. ನಾನೂ ಸ್ಕ್ಯಾನ್ ಮಾಡಿದೆ. ನನ್ನ ಪಟ್ಟಿಯೂ ತುಂಬಿತು, ಬಹುಮಾನವೂ ಬಂತು. ಆದರೆ ಕಂಡುಹಿಡಿದವರು ಅನ್ನುವ ಜಾಗದಲ್ಲಿ ಅವನೊಬ್ಬನೇ. ಈ ಆಟದ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಕೂಡಿ ಹುಡುಕುವುದಕ್ಕೆ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟವರು, ಕೂಡಿ ಕಂಡದ್ದನ್ನು ಬರೆದಿಡಲು ಎರಡನೇ ಹೆಸರಿಗೆ ಜಾಗ ಇಟ್ಟಿಲ್ಲ. ಮೊದಲು ಅಪ್‌ಲೋಡ್ ಮಾಡಿದವನದೇ ಹೆಸರು. ಕೋಟೆ ಗೋಡೆ ಮೇಲೆ ಕಲ್ಲಿನಿಂದ ಹೆಸರು ಕೊರೆಯುವವರು ಕೂಡ ನಡುವೆ ಒಂದು ಕೂಡಿಸುವ ಚಿಹ್ನೆ ಹಾಕಿ ಇಬ್ಬರ ಹೆಸರು ಬರೆಯುತ್ತಾರಲ್ಲ! ಇವರಿಗೆ ಅಷ್ಟು ತೋಚಬಾರದಾ?

ಅದಕ್ಕೇ ನಾವೇ ಒಂದು ಒಪ್ಪಂದ ಮಾಡಿಕೊಂಡೆವು. ಗ್ರಹಗಳ ಹೆಸರು ನನಗೆ, ಪ್ರಾಣಿಗಳ ಹೆಸರು ಅವನಿಗೆ. ಒಂದು ಸೌರಮಂಡಲಕ್ಕೆ ಭೀಮಾ ಅಂತ ಹೆಸರಿಟ್ಟು, ಅದರ ಗ್ರಹಗಳಿಗೆ ಭೀಮೆಯ ಕಡೆ ಹರಿಯುವ ಹೊಳೆಗಳ ಹೆಸರು ಹಾಕಿದೆ: ಕಾಗಿಣಾ, ಅಮರ್ಜಾ, ಬೆಣ್ಣೆತೊರಾ, ಮುಲ್ಲಾಮಾರಿ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಾಯಿತು, ಇರಲಿ. ಇನ್ನೊಂದು ಗ್ರಹ ಉಳಿದಿತ್ತು. ಬೀದರ್‌ನವನು ಮಾಂಜ್ರಾ ಇಡು ಅಂತ ಹಟ ಹಿಡಿದ. “ಅದು ಗೋದಾವರಿಗೆ ಹೋಗೋ ಹೊಳಿ, ಇಲ್ಲಿ ಅದಕ್ಕೇನು ಕೆಲಸ?” ಅಂದೆ. ಈ ಜಗಳ ಮುಗಿಯುವಷ್ಟರಲ್ಲಿ ಅವನು ಇಳಿದು, ಹೆಸರಿಟ್ಟು, ಅಪ್‌ಲೋಡೂ ಮಾಡಿಬಿಟ್ಟಿದ್ದ. ಈಗ ಯಾವುದೋ ದೇಶದ ಯಾರೋ ಅತ್ತ ಹಾದು ಹೋದರೆ, ಭೀಮೆಯ ಬಳಗದಲ್ಲಿ ಮಾಂಜ್ರಾ ಕಾಣುತ್ತದೆ. ಅವರಿಗೇನು ಗೊತ್ತಾಗಬೇಕು ಬಿಡಿ.

ಯಾರಾದರೂ ಹಾದು ಹೋಗುತ್ತಾರಾ ಅಂದರೆ, ಸುಮ್ನೆ ಹೊರಟರೆ ಸಿಗುವುದು ಕಷ್ಟ. ಅಷ್ಟು ದೊಡ್ಡ ಜಾಗ. ಮೊದಲ ಗ್ಯಾಲಕ್ಸಿಯ ಹೆಸರು ಯೂಕ್ಲಿಡ್, ಅಂಥವು 255 ಇವೆ. ಅಪರೂಪಕ್ಕೆ ಒಂದು ಕಡೆ ಇಳಿದಾಗ ಬೇರೆಯವರ ಹೆಸರು ಕಂಡರೆ ಮೈ ಜುಮ್ ಅನ್ನುತ್ತದೆ. ಆ ಮನುಷ್ಯ ಅಲ್ಲಿಲ್ಲ, ಯಾವತ್ತು ಬಂದಿದ್ದನೋ. ಆದರೂ ಆ ಖಾಲಿ ಗ್ರಹ ಖಾಲಿ ಅನ್ನಿಸುವುದಿಲ್ಲ. ಅಂಥ ಭೇಟಿ ನೂರು ಜನರ ಗುಂಪಿಗಿಂತ ನನಗೆ ಹೆಚ್ಚು.

ಬೇಕೆಂದೇ ಒಬ್ಬರನ್ನು ಒಂದು ಗ್ರಹಕ್ಕೆ ಕರೆಸಿಕೊಳ್ಳಲು ಪೋರ್ಟಲ್ ಅನ್ನುವ ದ್ವಾರಗಳು ಇವೆ. ಅಲ್ಲಿ ವಿಳಾಸ ಅಂದರೆ 12 ಚಿಹ್ನೆಗಳು. ಒಟ್ಟು ಚಿಹ್ನೆಗಳು 16: ಹಕ್ಕಿ, ಮೀನು, ದೋಣಿ, ಗುಡಾರ, ಮರ, ರಾಕೆಟ್ ಹೀಗೆ. ಮೊದಲ ಚಿಹ್ನೆ ಆ ಸೌರಮಂಡಲದಲ್ಲಿ ಎಷ್ಟನೇ ಗ್ರಹ ಅಂತ ಹೇಳುತ್ತದೆ. ಚಿಹ್ನೆಗಳು ಬಿಟ್ಟಿ ಸಿಗುವುದಿಲ್ಲ. ಬಾಹ್ಯಾಕಾಶ ನಿಲ್ದಾಣಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಟ್ರಾವೆಲರ್ ಅನ್ನುವ ಆಟದ್ದೇ ಪಾತ್ರ ನಿಂತಿರುತ್ತಾನೆ. ಎಲ್ಲಿಂದ ಬಂದೆ ಅಂತ ಕೇಳಲು 100 ನ್ಯಾನೈಟ್ ಕೊಡಬೇಕು. ಆಗ ಅವನದೇ ಸಮಾಧಿಯ ದಾರಿ ತೋರಿಸುತ್ತದೆ, ಅಲ್ಲಿ ಹೋದರೆ ಒಂದು ಚಿಹ್ನೆ. ಕಲಿತ ಮೇಲೆ, ಫೋಟೋ ಮೋಡ್‌ನಲ್ಲಿ ಚಿತ್ರ ತೆಗೆದರೆ ಕೆಳಗೆ ಮೂಲೆಯಲ್ಲಿ ಆ ಗ್ರಹದ ವಿಳಾಸವೇ ಬಂದಿರುತ್ತದೆ. ಒಂದೇ ಗ್ಯಾಲಕ್ಸಿಯಲ್ಲಿದ್ದರೆ ಯಾರು ಬೇಕಾದರೂ ಅಲ್ಲಿಗೆ ಬರಬಹುದು. ನಾನು 16 ಚಿಹ್ನೆಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಮಾನಿಟರ್ ಪಕ್ಕ ಅಂಟಿಸಿದ್ದೇನೆ. ರಾತ್ರಿ ಹನ್ನೊಂದಕ್ಕೆ ನಾನು ಫೋನಿನಲ್ಲಿ “ಹಕ್ಕಿ, ಹಕ್ಕಿ, ಮೀನು, ದೋಣಿ, ಮತ್ತೆ ಹಕ್ಕಿ” ಅಂತ ಬರೆಸುವುದನ್ನು ಕೇಳಿ ಮನೆಯವಳು, “ಇವ್ರು ಮಟ್ಕಾ ಗಿಟ್ಕಾ ಆಡ್ಲಿಕತ್ತಾರೇನು?” ಅಂತ ನನ್ನ ತಾಯಿಯನ್ನು ಕೇಳಿದ್ದಳು.

ಸಂತೆ ಅಂದೆನಲ್ಲ, ಅದು ಸ್ಪೇಸ್ ಅನಾಮಲಿ. ಕರೆದ ಕಡೆ ಬಂದು ನಿಲ್ಲುವ ದೊಡ್ಡ ಗೋಳ. ಒಳಗೆ ಬೇರೆ ಬೇರೆ ಕಡೆಯ ಆಟಗಾರರು ಸಿಗುತ್ತಾರೆ. ಹೊಸಬರಿಗೆ ಇದು ಉಪಯೋಗವೂ ಹೌದು, ಹಾಳೂ ಹೌದು. ಉಪಯೋಗ ಏನೆಂದರೆ, ಅಲ್ಲಿನ ಟೆಲಿಪೋರ್ಟರ್‌ನಿಂದ ಗೆಳೆಯನ ಬೇಸ್‌ಗೆ, ಅಂದರೆ ಅವನು ಕಟ್ಟಿದ ಮನೆಗೆ, ಒಂದೇ ಹೆಜ್ಜೆಯಲ್ಲಿ ಹೋಗಬಹುದು. ಹಾಳು ಏನೆಂದರೆ, ಅಲ್ಲಿ ದಾನಶೂರರು ಬಹಳ. ಅಳಿಯ ಆಟ ಶುರು ಮಾಡಿದ ಹೊಸತರಲ್ಲಿ ಯಾರೋ ಪುಣ್ಯಾತ್ಮ ಅವನ ಚೀಲಕ್ಕೆ ಭಾರಿ ಬೆಲೆಯ ಸಾಮಾನು ಹಾಕಿ ಹೋದ. ಮಾರಿದ, ಕೋಟಿಗಟ್ಟಲೆ ಯೂನಿಟ್ ಬಂತು, ದೊಡ್ಡ ಹಡಗು ಕೊಂಡ. ಆಮೇಲೆ ಎರಡು ವಾರ ಅವನಿಗೆ ಆಟದಲ್ಲಿ ಮಾಡಲು ಏನೂ ಉಳಿಯಲಿಲ್ಲ. ಆಡುವ ಹಸಿವೇ ಹೋಯಿತು. ನೀವು ಹೊಸಬರಾಗಿದ್ದರೆ ಅಂಥದ್ದು ಬಂದರೆ ಎಸೆದುಬಿಡಿ. ನಿಜವಾಗಿ ಹೇಳುತ್ತಿದ್ದೇನೆ.

2021ರಲ್ಲಿ ಶುರುವಾದ ಎಕ್ಸ್‌ಪೆಡಿಷನ್‌ಗಳು ಇದಕ್ಕಿಂತ ಒಳ್ಳೆಯ ಗುಂಪಾಟ. ಎಲ್ಲರಿಗೂ ಒಂದೇ ಶುರು, ಒಂದೇ ಹಾದಿ, ಕೆಲವು ವಾರಗಳ ಗಡುವು. ದಾರಿಯಲ್ಲಿ ಎಲ್ಲರೂ ಸೇರುವ ಜಾಗಗಳಲ್ಲಿ ಮುಂದೆ ಹೋದವರು ಕಟ್ಟಿದ ಗುಡಿಸಲು, ಬಿಟ್ಟ ಸಂದೇಶ ಸಾಲು ಸಾಲಾಗಿ ಕಾಣುತ್ತವೆ. ಜಾತ್ರೆಗೆ ಹೋಗಿಬಂದ ಖುಷಿ. ವರ್ಷಪೂರ್ತಿ ಅಲ್ಲೇ ಇರಲಾಗುವುದಿಲ್ಲ, ಅದೇ ಒಳ್ಳೆಯದು.

ಕಲಬುರಗಿಯವರಿಗೆ ಬೇಕಾದ ವಿಷಯ: ಕರೆಂಟ್ ಮತ್ತು ನೆಟ್. ಹಡಗಿನಿಂದ ಇಳಿದಾಗಲೆಲ್ಲ ಆಟ ತಾನೇ ಸೇವ್ ಆಗುತ್ತದೆ. ಹಾಗಾಗಿ ಕರೆಂಟ್ ಹೋಗುವ ಹೊತ್ತಲ್ಲಿ ನಾನು ಸುಮ್ನೆ ಹಡಗು ಹತ್ತಿ ಇಳಿಯುತ್ತಿರುತ್ತೇನೆ. ನೆಟ್ ಕಡಿದರೆ ಆಟ ಹೊರಗೆ ಹಾಕುವುದಿಲ್ಲ. ಗ್ರಹ ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಿದ್ದಲ್ವಾ, ಅದು ಇರುತ್ತದೆ. ಪಕ್ಕದಲ್ಲಿ ನಿಂತವನು ಮಾತ್ರ ಮಾಯ. ನೆಟ್ ಇಲ್ಲದಾಗ ಕಂಡದ್ದನ್ನು ಆಮೇಲೆ ಅಪ್‌ಲೋಡ್ ಮಾಡಬಹುದು. ಅಷ್ಟರಲ್ಲಿ ಅಳಿಯ ಮಾಡಿರದಿದ್ದರೆ.

2025ರ ಆಗಸ್ಟ್‌ನಲ್ಲಿ ಬಂದ ವಾಯೇಜರ್ಸ್ ಅಪ್‌ಡೇಟ್ ನಮ್ಮಂಥ ಜೋಡಿಗಳಿಗೇ ಮಾಡಿದಂತಿದೆ. ಕಾರ್ವೆಟ್ ಅನ್ನುವ ದೊಡ್ಡ ಹಡಗನ್ನು ತುಂಡು ತುಂಡಾಗಿ ಜೋಡಿಸಿ ಕಟ್ಟಬಹುದು, ಹಾರುವಾಗಲೇ ಒಳಗೆ ಓಡಾಡಬಹುದು, ಗೆಳೆಯರನ್ನು ಹತ್ತಿಸಿಕೊಳ್ಳಬಹುದು. ಮೊದಲೆಲ್ಲ ಇಬ್ಬರೂ ಬೇರೆ ಬೇರೆ ಹಡಗಿನಲ್ಲಿ ಹಿಂದೆ ಮುಂದೆ ಹಾರುತ್ತಿದ್ದೆವು. ಈಗ ನಾನು ನಡೆಸುತ್ತೇನೆ, ಅವನು ಹಿಂದೆ ಕಿಟಕಿ ಬಳಿ ನಿಂತು ಇಳಿಯುವ ಜಾಗ ಹೇಳುತ್ತಾನೆ. ಎಂಟು ವರ್ಷ ಮೊದಲೇ ಇದು ಬರಬೇಕಿತ್ತು.

ಕೊಳ್ಳುವುದಾದರೆ ಸ್ಟೀಮ್ ರಿಯಾಯಿತಿಗೆ ಕಾಯಿರಿ, ಬೆಲೆ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬರುತ್ತದೆ. ಇಬ್ಬರೂ ಒಂದೊಂದು ಕೊಳ್ಳಲೇಬೇಕು. ಆಟ ಶುರುವಾದ ಕೂಡಲೇ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ, ಆಟಗಾರರು ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದನ್ನು ನಿಲ್ಲಿಸಿ. ನಿಮ್ಮ ಬೇಸ್ ಯಾರು ತಿದ್ದಬಹುದು ಅನ್ನುವಲ್ಲಿ ‘ಯಾರೂ ಇಲ್ಲ’ ಅಂತ ಇಡಿ. ಗೆಳೆಯರಿಗೆ ಅಂತ ಬಿಟ್ಟರೆ, ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ನಿಮ್ಮ ಅಡುಗೆಮನೆ ಗೋಡೆ ಗುಲಾಬಿ ಬಣ್ಣದ್ದಾಗಿರುತ್ತದೆ, ಅಳಿಯ ಫೋನ್ ಎತ್ತುವುದಿಲ್ಲ.