ಕಿರಿಯ ಮೆಗಲಾನಿಕ್ ಮೋಡಕ್ಕೆ 15×70 ಬೈನಾಕ್ಯುಲರ್ ಎಷ್ಟು ಒಪ್ಪುತ್ತದೆ?

ಕೈಯಲ್ಲಿ ಹಿಡಿದು ನೋಡುವುದಾದರೆ 15×70 ಬೇಡವೇ ಬೇಡ. ಸುಮಾರು 1.4 ಕಿಲೋ ತೂಕ, 15 ಪಟ್ಟು ವರ್ಧನೆ. ಕೈ ಎಷ್ಟೇ ಗಟ್ಟಿಯಿದ್ದರೂ ನಕ್ಷತ್ರಗಳು ಕುಣಿಯುತ್ತಲೇ ಇರುತ್ತವೆ. ಟ್ರೈಪಾಡ್ ಮೇಲೆ ಕೂರಿಸಿದರೆ ಮಾತ್ರ, ದಕ್ಷಿಣಾಕಾಶದ ಈ ಅನಿಯತ (ನಿರ್ದಿಷ್ಟ ಆಕಾರವಿಲ್ಲದ) ಗೆಲಾಕ್ಸಿಗೆ ಹೇಳಿ ಮಾಡಿಸಿದ ಉಪಕರಣ.

ಅದಕ್ಕೆ ಕಾರಣ ನೋಟದ ಹರವು. ಈ ವರ್ಗದಲ್ಲಿ ಅದು ಸಾಮಾನ್ಯವಾಗಿ 4.4 ಡಿಗ್ರಿ. ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದ ಮೋಡದ ನಡುಭಾಗ, ಅದರ ಪಶ್ಚಿಮಕ್ಕೆ 47 ಟುಕಾನೆ, ಉತ್ತರಕ್ಕೆ ಎನ್‌ಜಿಸಿ 362 ಒಟ್ಟಿಗೇ ಸಿಗುತ್ತವೆ. (ಈ ಎರಡು ಗೋಳಾಕಾರದ ತಾರಾಗುಚ್ಛಗಳು ಕ್ಷೀರಪಥದವು, ಮೋಡಕ್ಕೂ ಅವಕ್ಕೂ ನಂಟಿಲ್ಲ.) ಆದರೆ ಅಂಚಿನ ಕಾಲುಭಾಗ ಮಸುಕು. ಮೂರನ್ನೂ ತುಂಬಿಸಿಕೊಂಡಾಗ 47 ಟುಕಾನೆ ಅಂಚಿಗೆ ಸರಿದು ಆಕಾರ ಕೆಡುತ್ತದೆ. ಅದನ್ನು ನಡುವಿಗೆ ತಂದು ಬೇರೆಯಾಗಿಯೇ ನೋಡಬೇಕು. ಮೋಡದೊಳಗೆ ಈಶಾನ್ಯಕ್ಕೆ ಎನ್‌ಜಿಸಿ 346 ನೀಹಾರಿಕೆ ಸಣ್ಣ ಮಂಜಿನ ಚುಕ್ಕೆಯಾಗಿ ಸಿಗುತ್ತದೆ.

70 ಮಿ.ಮೀ. ಮಸೂರವೆಂದ ಮಾತ್ರಕ್ಕೆ ಮೋಡ ಬೆಳ್ಳಗೆ ಬೆಳಗುವುದಿಲ್ಲ. ಹರಡಿದ ಬೆಳಕು ಎಷ್ಟು ಕಾಂತಿಯಿಂದ ಕಾಣಬೇಕೆಂಬುದು ನೇತ್ರಕದಿಂದ (ಕಣ್ಣಿಡುವ ಕಡೆಯ ಮಸೂರದಿಂದ) ಹೊರಬರುವ ಬೆಳಕಿನ ಕಂಬದ ವ್ಯಾಸದ ಮೇಲಿದೆ: 70 ಭಾಗಿಸು 15, ಅಂದರೆ 4.7 ಮಿ.ಮೀ. ಅಗ್ಗದ 10×50ರಲ್ಲಿ ಅದು 5 ಮಿ.ಮೀ.! ಮೋಡದ ಮೈ ಅದರಲ್ಲೇ ತುಸು ಹೆಚ್ಚು ಕಾಂತಿಯುತ. 15×70 ಗೆಲ್ಲುವುದು ಚಿಕ್ಕ ಗುಚ್ಛ, ನೀಹಾರಿಕೆಗಳನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೋರಿಸುವುದರಲ್ಲಿ.

ಈ ವರ್ಗದ ದೊಡ್ಡ ರೋಗ, ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ಪ್ರಿಸಂ ಜರುಗುವುದು. ಸಾಗಾಟದಲ್ಲಿ ಒಂದು ಪೆಟ್ಟು ಬಿದ್ದರೆ ಸಾಕು, ಒಂದು ನಕ್ಷತ್ರ ಎರಡಾಗುತ್ತದೆ. ಅಷ್ಟಾಗದಿದ್ದರೂ ಕಣ್ಣು ಬಳಲಿ ತಲೆನೋವು ಶುರು. ಪೆಟ್ಟಿಗೆ ಬಿಚ್ಚಿದ ರಾತ್ರಿಯೇ ಪರೀಕ್ಷಿಸಿ. ಟ್ರೈಪಾಡ್ ಮೇಲಿಟ್ಟು ಅಕರ್ನಾರ್ ನಕ್ಷತ್ರದತ್ತ ತಿರುಗಿಸಿ, ಎಡಗಣ್ಣಿಗೆ ಅದು ಚೂಪಾಗಿ ಕಾಣುವಂತೆ ಫೋಕಸ್ ಮಾಡಿ. ಬಲ ನೇತ್ರಕದ ಡಯಾಪ್ಟರ್ ಉಂಗುರ (ಆ ಕಣ್ಣಿನ ಫೋಕಸ್ ಮಾತ್ರ ಬದಲಿಸುವುದು) ತಿರುವಿ ಆ ಕಡೆಯ ಬಿಂಬವನ್ನು ಮಸುಕು ಬಿಲ್ಲೆಯಾಗಿಸಿ. ಎರಡೂ ಕಣ್ಣು ತೆರೆದಾಗ ಚುಕ್ಕೆ ಬಿಲ್ಲೆಯ ನಡುವೆ ಕೂತರೆ ಸರಿ, ಹೊರಗೆ ಬಿದ್ದರೆ ವಾಪಸ್ ಕಳಿಸಿ. ರಬ್ಬರ್ ಹೊದಿಕೆಯಡಿಯ ಸ್ಕ್ರೂ ತಿರುವಿ ಸರಿಪಡಿಸಲೂಬಹುದು, ವಾರಂಟಿ ಮುಗಿದ ಮೇಲೆ.

ಬೈನಾಕ್ಯುಲರನ್ನು ಟ್ರೈಪಾಡಿಗೆ ಜೋಡಿಸುವ ಎಲ್ ಆಕಾರದ ಪ್ಲಾಸ್ಟಿಕ್ ಅಡಾಪ್ಟರ್ ಜೊತೆಗೆ ಬಂದರೆ ಪಕ್ಕಕ್ಕಿಡಿ, ಅದು ಬಾಗುತ್ತದೆ. ಕಾಲಿಂಚು ಸ್ಕ್ರೂ ಕೂರುವ ಲೋಹದ್ದೇ ಬೇಕು.

ಉತ್ತರ ಅಕ್ಷಾಂಶ 17 ಡಿಗ್ರಿ ದಾಟಿದವರಿಗೆ ಮೋಡ ಮೂಡುವುದೇ ಇಲ್ಲ; ದಕ್ಷಿಣಾರ್ಧಗೋಳದವರಿಗೆ ಅಕ್ಟೋಬರಿನಿಂದ ಡಿಸೆಂಬರ್ ಒಳ್ಳೆಯ ಕಾಲ. ಹಿರಿಯ ಮೆಗಲಾನಿಕ್ ಮೋಡವೇ ಗುರಿಯಾದರೆ 10×50 ಕೊಳ್ಳಿ. ಸುಮಾರು 10 ಡಿಗ್ರಿ ಹರಡಿದ ಅದರ ಅರ್ಧವೂ 15×70ರ ನೋಟದಲ್ಲಿ ಹಿಡಿಸುವುದಿಲ್ಲ.